ಗಗನಚುಕ್ಕಿಯ ನೀರಿಗೆ ಕೆಲಸ ಕೊಟ್ಟ ದಿವಾನರು

ಮಕ್ಕಳೇ, ಕೊಳ್ಳೇಗಾಲದಿಂದ ಮಳವಳ್ಳಿಯ ಕಡೆಗೆ ಹೊರಟರೆ ಸತ್ತೇಗಾಲ ದಾಟುತ್ತಿದ್ದಂತೆ ಕಾವೇರಿ ನದಿ ಎದುರಾಗುತ್ತದೆ. ಇಲ್ಲಿ ನದಿ ಎರಡು ಕವಲಾಗಿ ಒಡೆದು, ನಡುವೆ ಶಿವನಸಮುದ್ರವೆಂಬ ದ್ವೀಪವನ್ನು ಬಿಟ್ಟು ಮುಂದೆ ಹರಿಯುತ್ತದೆ. ಒಂದು ಕವಲು ಗಗನಚುಕ್ಕಿಯಾಗಿ ಧುಮುಕಿದರೆ ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ಈ ಜಲಪಾತಗಳನ್ನು ನೋಡಿರಬಹುದು. ಹನೂರು, ಯಳಂದೂರಿನ ಮಕ್ಕಳಿಗಂತೂ ಇದು ಹತ್ತಿರದ ಜಾಗ.

ಅಲ್ಲಿ ನಿಂತಾಗ ಜಲಪಾತದ ಕೆಳಗೆ, ಕಮರಿಯ ಅಂಚಿನಲ್ಲಿ ಇರುವ ಹಳೆಯ ಕಟ್ಟಡವನ್ನು ಗಮನಿಸಿದ್ದೀರಾ? ಬೆಟ್ಟದ ಮೇಲಿನಿಂದ ಅದರೊಳಗೆ ದಪ್ಪ ದಪ್ಪ ಕೊಳವೆಗಳು ಇಳಿದಿವೆ. ಅದೇ ಶಿವನಸಮುದ್ರದ ವಿದ್ಯುದಾಗಾರ. 1902ರಿಂದ ಅಲ್ಲಿ ನೀರಿನಿಂದ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಅದಕ್ಕೆ ಈಗ ಒಬ್ಬ ದಿವಾನರ ಹೆಸರಿದೆ. ಅವರೇ ಸರ್ ಕೆ. ಶೇಷಾದ್ರಿ ಅಯ್ಯರ್. ಅವರು ವಿಜ್ಞಾನಿಯಲ್ಲ, ಎಂಜಿನಿಯರೂ ಅಲ್ಲ. ಕಾನೂನು ಓದಿದವರು. ಹಾಗಿದ್ದೂ ನಮ್ಮ ನಾಡಿನಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಬೇರೂರಲು ಅವರು ಕಾರಣರಾದದ್ದು ಹೇಗೆ? ಬನ್ನಿ, ಅವರ ಬದುಕಿನ ಕಥೆಯನ್ನು ತಿಳಿಯೋಣ.

ಪಾಲಕ್ಕಾಡಿನಿಂದ ಮೈಸೂರಿಗೆ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಇಂದಿನ ಕೇರಳದ ಪಾಲಕ್ಕಾಡಿನ ಬಳಿಯ ಕುಮಾರಪುರದಲ್ಲಿ. ಶಾಲೆಯ ಓದು ಮುಗಿಸಿ ಮದರಾಸಿಗೆ ಹೋಗಿ, ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು. ಕಾನೂನನ್ನೂ ಓದಿದರು. ಆ ಕಾಲದಲ್ಲಿ ಪದವೀಧರರು ಬೆರಳೆಣಿಕೆಯಷ್ಟು ಮಂದಿ ಮಾತ್ರ ಇದ್ದರು. 1868ರಲ್ಲಿ ಅವರು ಮೈಸೂರಿಗೆ ಬಂದು ಸರ್ಕಾರದ ಕೆಲಸಕ್ಕೆ ಸೇರಿದರು.

ಆಗ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. 1881ರಲ್ಲಿ ಅದು ಮತ್ತೆ ಒಡೆಯರ ಮನೆತನಕ್ಕೆ ಮರಳಿತು. ಚಾಮರಾಜೇಂದ್ರ ಒಡೆಯರ್ ಮಹಾರಾಜರಾದರು, ರಂಗಾಚಾರ್ಲು ದಿವಾನರಾದರು. ಆದರೆ ಎರಡೇ ವರ್ಷದಲ್ಲಿ, 1883ರಲ್ಲಿ, ರಂಗಾಚಾರ್ಲು ತೀರಿಕೊಂಡರು. ಆ ಸ್ಥಾನಕ್ಕೆ ಮಹಾರಾಜರು ಆರಿಸಿಕೊಂಡದ್ದು ಶೇಷಾದ್ರಿ ಅಯ್ಯರ್ ಅವರನ್ನು. ಆಗ ಅವರ ವಯಸ್ಸು 37. ಅಲ್ಲಿಂದ ಸುಮಾರು 18 ವರ್ಷ ಅವರೇ ದಿವಾನರು. ಮೈಸೂರಿನ ದಿವಾನರಲ್ಲಿ ಅಷ್ಟು ದೀರ್ಘಕಾಲ ಆಡಳಿತ ನಡೆಸಿದವರು ವಿರಳ.

ಬರಗಾಲ ಕಲಿಸಿದ ಪಾಠ

ಹೊಸ ದಿವಾನರ ಮುಂದೆ ಇದ್ದ ನಾಡು ಸುಖವಾಗಿರಲಿಲ್ಲ. 1876ರಿಂದ 1878ರವರೆಗೆ ಮೈಸೂರು ಸೀಮೆಯಲ್ಲಿ ಭೀಕರ ಬರಗಾಲ ಬಂದಿತ್ತು. ಮಳೆ ಕೈಕೊಟ್ಟಿತು, ರಾಗಿ ಬೆಳೆಯಲಿಲ್ಲ, ಕೆರೆಗಳು ಒಣಗಿದವು. ಹಸಿವಿನಿಂದಲೂ ರೋಗದಿಂದಲೂ ಸುಮಾರು ಹತ್ತು ಲಕ್ಷ ಜನ ಸತ್ತರು. ಅಂದರೆ ಪ್ರತಿ ಐದು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು! ಶೇಷಾದ್ರಿ ಅಯ್ಯರ್ ಆಗ ಇದೇ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದರು.

ಬರ ಬಂದಾಗ ಧಾನ್ಯ ಹಂಚುವುದು ಅವಶ್ಯ. ಆದರೆ ಮುಂದಿನ ಬರಕ್ಕೆ ನಾಡು ಈಗಲೇ ಸಿದ್ಧವಾಗುವುದು ಹೇಗೆ? ದಿವಾನರ ಕೆಲಸಗಳನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ಕಾಣುತ್ತದೆ. ಅವರ ಕಾಲದಲ್ಲಿ ರೈಲುದಾರಿಗಳು ಬೆಳೆದವು. ರೈಲು ಇದ್ದರೆ ಬೆಳೆ ಇರುವ ಊರಿನಿಂದ ಬೆಳೆ ಇಲ್ಲದ ಊರಿಗೆ ಧಾನ್ಯ ಬೇಗ ತಲುಪುತ್ತದೆ ಅಲ್ಲವೇ? ಕೆರೆ, ಕಾಲುವೆಗಳ ಕೆಲಸ ನಡೆಯಿತು. ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟು ಶುರುವಾಯಿತು. ಅದು ಮುಗಿದದ್ದು 1907ರಲ್ಲಿ. ಅದನ್ನೇ ನಾವು ಈಗ ವಾಣಿವಿಲಾಸ ಸಾಗರ ಎನ್ನುತ್ತೇವೆ.

ನೆಲದೊಳಗೆ ಏನಿದೆ ಎಂದು ತಿಳಿಯಲು 1894ರಲ್ಲಿ ಭೂವಿಜ್ಞಾನ ಇಲಾಖೆ ಆರಂಭವಾಯಿತು. ಸರ್ಕಾರದ ದೊಡ್ಡ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಜನರನ್ನು ಆರಿಸುವ ಪದ್ಧತಿಯೂ ಅವರ ಕಾಲದಲ್ಲೇ, 1891ರಲ್ಲಿ, ಬಂತು. ಊಹೆಯಿಂದ ನಾಡು ನಡೆಯುವುದಿಲ್ಲ. ಅಳೆದು, ಪರೀಕ್ಷಿಸಿ, ತಿಳಿದವರನ್ನು ಕೇಳಿ ನಡೆಸಬೇಕು. ಇದು ಅವರ ಆಡಳಿತದ ರೀತಿಯಾಗಿತ್ತು.

1894ರ ಕೊನೆಯಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಅವರ ಮಗ ಕೃಷ್ಣರಾಜರಿಗೆ ಆಗ ಕೇವಲ ಹತ್ತು ವರ್ಷ, ನಿಮ್ಮಷ್ಟೇ ವಯಸ್ಸು! ತಾಯಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯಭಾರ ವಹಿಸಿಕೊಂಡರು. ದಿವಾನರ ಹೊಣೆ ಇನ್ನೂ ಹೆಚ್ಚಿತು. ಅಂಥ ಸಮಯದಲ್ಲೇ ಕಾವೇರಿಯ ಜಲಪಾತದ ವಿಷಯ ಅವರ ಮುಂದೆ ಬಂತು.

ಇತ್ತ ಜಲಪಾತ, ಅತ್ತ ಚಿನ್ನದ ಗಣಿ

ಕೋಲಾರದ ಚಿನ್ನದ ಗಣಿಗಳ ಹೆಸರು ಕೇಳಿದ್ದೀರಿ. 1880ರ ದಶಕದಿಂದ ಅಲ್ಲಿ ಇಂಗ್ಲೆಂಡಿನ ಕಂಪನಿಗಳು ಆಳವಾಗಿ ಅಗೆದು ಚಿನ್ನ ತೆಗೆಯುತ್ತಿದ್ದವು. ಅದಿರನ್ನು ಮೇಲೆತ್ತಬೇಕು, ಗಣಿಯಲ್ಲಿ ಜಿನುಗುವ ನೀರನ್ನು ಹೊರಹಾಕಬೇಕು, ಕಲ್ಲನ್ನು ಪುಡಿಮಾಡಬೇಕು. ಈ ಕೆಲಸಗಳಿಗೆ ಉಗಿಯಂತ್ರಗಳಿದ್ದವು. ಉಗಿ ಬರಲು ಬೆಂಕಿ ಬೇಕು. ಬೆಂಕಿಗೆ ಸೌದೆ ಬೇಕು, ಕಲ್ಲಿದ್ದಲು ಬೇಕು. ಸೌದೆ ಬೇಕೆಂದರೆ ಕಾಡು ಕಡಿಯಬೇಕು. ಕಲ್ಲಿದ್ದಲನ್ನು ದೂರದಿಂದ ದುಬಾರಿ ಬೆಲೆ ಕೊಟ್ಟು ತರಿಸಬೇಕು. ಸುಟ್ಟದ್ದು ಬೂದಿಯಾಗಿ ಹೋಗುತ್ತದೆ, ನಾಳೆ ಮತ್ತೆ ತರಬೇಕು.

ಇತ್ತ ಶಿವನಸಮುದ್ರದಲ್ಲಿ ಕಾವೇರಿ ಹಗಲೂ ರಾತ್ರಿ ಧುಮುಕುತ್ತಲೇ ಇತ್ತು. ಅಷ್ಟು ಶಕ್ತಿ ಯಾರಿಗೂ ಉಪಯೋಗಕ್ಕೆ ಬರದೆ ಬಂಡೆಗಳ ಮೇಲೆ ಬಿದ್ದು ಹೋಗುತ್ತಿತ್ತು. ಆ ನೀರಿನಿಂದ ವಿದ್ಯುತ್ ತಯಾರಿಸಿ ಗಣಿಗಳಿಗೆ ಕೊಡಬಾರದೇಕೆ? ಇದೇ ಯೋಚನೆ.

ಹೇಳುವುದು ಸುಲಭ. ಆದರೆ ಕಷ್ಟಗಳನ್ನು ಎಣಿಸಿ ನೋಡಿ. ಜಲಪಾತ ಇಲ್ಲಿ, ಗಣಿ ಅಲ್ಲಿ. ನಡುವೆ ತಂತಿಯ ದಾರಿ ಸುಮಾರು 147 ಕಿಲೊಮೀಟರ್. ಅಮೆರಿಕದ ಪ್ರಸಿದ್ಧ ನಯಾಗರಾ ಜಲಪಾತದಿಂದ ಬಫಲೊ ನಗರಕ್ಕೆ 1896ರಲ್ಲಿ ವಿದ್ಯುತ್ ಹರಿದಿತ್ತು. ಆ ದೂರ ಸುಮಾರು 32 ಕಿಲೊಮೀಟರ್ ಮಾತ್ರ. ನಮ್ಮ ದೇಶದಲ್ಲಿ ಡಾರ್ಜಿಲಿಂಗ್ ಬಳಿ 1897ರಲ್ಲಿ ಒಂದು ಪುಟ್ಟ ಜಲವಿದ್ಯುತ್ ಕೇಂದ್ರ ಶುರುವಾಗಿತ್ತು. ಅದು ಆ ಊರಿನ ದೀಪಗಳಿಗಷ್ಟೇ ಸಾಲುವಂಥದ್ದು. ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ದೂರಕ್ಕೆ ವಿದ್ಯುತ್ ಕಳಿಸುವ ಕೆಲಸವನ್ನು ಭಾರತದಲ್ಲಿ ಯಾರೂ ಮಾಡಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಆಗ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ! ಈಗಿನ ಹನೂರು ತಾಲ್ಲೂಕನ್ನೂ ಒಳಗೊಂಡ ಅಂದಿನ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮಾತ್ರ ಮೈಸೂರಿನದು. ಹೀಗಾಗಿ ಶಿವನಸಮುದ್ರದಲ್ಲಿ ಕಾವೇರಿಯೇ ಗಡಿ. ಎಡದಂಡೆ ಮೈಸೂರಿಗೆ, ದ್ವೀಪ ಮತ್ತು ಬಲದಂಡೆ ಮದರಾಸಿಗೆ.

ನೀವು ದಿವಾನರಾಗಿದ್ದರೆ ಏನು ಮಾಡುತ್ತಿದ್ದಿರಿ? ಬರದಿಂದ ಈಗಷ್ಟೇ ಚೇತರಿಸಿಕೊಂಡ ನಾಡು. ಖಜಾನೆಯ ಹಣ ಜನರ ತೆರಿಗೆಯ ಹಣ. ಯೋಜನೆ ಸೋತರೆ ಆ ಹಣ ಕಾವೇರಿಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತದೆ. ಸುಮ್ಮನಿದ್ದರೆ ಯಾರೂ ಬೈಯುವುದಿಲ್ಲ, ಆದರೆ ನಾಡು ಇದ್ದಲ್ಲೇ ಇರುತ್ತದೆ.

ಮೊದಲು ಅಧ್ಯಯನ, ಆಮೇಲೆ ಕೆಲಸ

ಶೇಷಾದ್ರಿ ಅಯ್ಯರ್ ಆತುರಪಡಲಿಲ್ಲ, ಹೆದರಿ ಕೈಬಿಡಲೂ ಇಲ್ಲ. ಮೈಸೂರು ಸರ್ಕಾರದಲ್ಲಿ ಜೋಲಿ ಡಿ ಲಾಟ್‌ಬಿನಿಯೆರ್ ಎಂಬ ಎಂಜಿನಿಯರ್ ಇದ್ದರು. ಕೆನಡಾದವರು, ಸೇನೆಯ ಎಂಜಿನಿಯರಿಂಗ್ ವಿಭಾಗದಲ್ಲಿ ತರಬೇತಿ ಪಡೆದವರು. 1899ರಲ್ಲಿ ಅವರನ್ನು ಯುರೋಪು ಮತ್ತು ಅಮೆರಿಕಕ್ಕೆ ಕಳಿಸಲಾಯಿತು. ಅಲ್ಲಿನ ವಿದ್ಯುದಾಗಾರಗಳನ್ನು ಕಣ್ಣಾರೆ ನೋಡಿ, ತಜ್ಞರೊಡನೆ ಚರ್ಚಿಸಿ, ನಮ್ಮ ಜಲಪಾತಕ್ಕೆ ಯಾವುದು ಹೊಂದುತ್ತದೆ ಎಂದು ಅವರು ಲೆಕ್ಕ ಹಾಕಿದರು.

ಅದೇ ಹೊತ್ತಿಗೆ ಇನ್ನೊಂದು ಜಾಣತನದ ಕೆಲಸವೂ ನಡೆಯಿತು. ವಿದ್ಯುತ್ ತಯಾರಾದ ಮೇಲೆ ಕೊಳ್ಳುವವರು ಇಲ್ಲದಿದ್ದರೆ? ಅದಕ್ಕಾಗಿ ಕೋಲಾರದ ಗಣಿ ಕಂಪನಿಗಳೊಡನೆ ಮೊದಲೇ ಒಪ್ಪಂದ ಮಾಡಿಕೊಳ್ಳಲಾಯಿತು. ನಷ್ಟದ ಭಯ ಕಡಿಮೆಯಾಯಿತು. ವಿದ್ಯುತ್ ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ, ನೀರಿನ ಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ ತರಿಸಲು ತೀರ್ಮಾನವಾಯಿತು.

ಯಂತ್ರಗಳು ಹಡಗಿನಲ್ಲಿ ಬಂದವು, ರೈಲಿನಲ್ಲಿ ಮದ್ದೂರಿನವರೆಗೂ ಬಂದವು. ಅಲ್ಲಿಂದ ಮುಂದೆ ರೈಲಿಲ್ಲ. ಶಿವನಸಮುದ್ರಕ್ಕೆ ಇನ್ನೂ ಸುಮಾರು 50 ಕಿಲೊಮೀಟರ್ ಇತ್ತು. ಲಾರಿಗಳ ಕಾಲವೂ ಅದಲ್ಲ. ಆಗ ನೆರವಿಗೆ ಬಂದದ್ದು ಆನೆಗಳು ಮತ್ತು ಎತ್ತುಗಳು! ಜಗತ್ತಿನ ಅತಿ ಹೊಸ ಯಂತ್ರಗಳು ಮಣ್ಣಿನ ದಾರಿಯಲ್ಲಿ ಆನೆಗಳ ಬಲದಿಂದ ಸಾಗಿ ಬಂದವು. ಅವನ್ನು ಕಮರಿಯೊಳಗೆ ಇಳಿಸಿ ಕೂರಿಸಿದವರು ಸಾವಿರಾರು ಕೂಲಿಗಾರರು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆದರೆ ಅವರ ಶ್ರಮವಿಲ್ಲದೆ ಒಂದು ದೀಪವೂ ಉರಿಯುತ್ತಿರಲಿಲ್ಲ. ಇದನ್ನು ನಾವು ಮರೆಯಬಾರದು.

ನೀರು ಕರೆಂಟಾಗುವುದು ಹೇಗೆ?

ಸೈಕಲ್ಲಿಗೆ ಹಾಕುವ ಡೈನಮೋ ನೋಡಿದ್ದೀರಾ? ಚಕ್ರ ತಿರುಗಿದರೆ ಡೈನಮೋ ತಿರುಗುತ್ತದೆ, ದೀಪ ಹತ್ತುತ್ತದೆ. ಡೈನಮೋದೊಳಗೆ ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ ಇರುತ್ತವೆ. ಅಯಸ್ಕಾಂತದ ಬಳಿ ಸುರುಳಿ ಅಥವಾ ಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಇದನ್ನು 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಪ್ರಯೋಗ ಮಾಡಿ ಕಂಡುಹಿಡಿದರು. ಶಿವನಸಮುದ್ರದಲ್ಲಿ ಇರುವುದೂ ಇದೇ ತತ್ವ. ವ್ಯತ್ಯಾಸ ಇಷ್ಟೇ: ಅಲ್ಲಿ ಚಕ್ರ ತಿರುಗಿಸುವುದು ನಿಮ್ಮ ಕಾಲಲ್ಲ, ಕಾವೇರಿ.

ಜಲಪಾತದ ಮೇಲ್ಗಡೆಯೇ ನದಿಯ ಸ್ವಲ್ಪ ನೀರನ್ನು ನಾಲೆಗೆ ತಿರುಗಿಸುತ್ತಾರೆ. ಆ ನೀರು ಬೆಟ್ಟದ ಅಂಚಿಗೆ ಬಂದು, ಉಕ್ಕಿನ ಕೊಳವೆಗಳಲ್ಲಿ ಸುಮಾರು 400 ಅಡಿ, ಅಂದರೆ ಸುಮಾರು 120 ಮೀಟರ್, ಕೆಳಗೆ ಇಳಿಯುತ್ತದೆ. ಆ ರಭಸಕ್ಕೆ ಟರ್ಬೈನು ಎಂಬ ಚಕ್ರ ತಿರುಗುತ್ತದೆ. ಅದಕ್ಕೆ ಜೋಡಿಸಿದ ಜನರೇಟರು ವಿದ್ಯುತ್ ಕೊಡುತ್ತದೆ. ಕೆಲಸ ಮುಗಿಸಿದ ನೀರು ಮತ್ತೆ ನದಿಗೇ ಸೇರುತ್ತದೆ. ನೀರು ಖರ್ಚಾಗುವುದಿಲ್ಲ, ಬೂದಿ ಇಲ್ಲ, ಹೊಗೆ ಇಲ್ಲ.

ಒಂದು ಲೆಕ್ಕ ನೋಡಿ. ಸೆಕೆಂಡಿಗೆ 1,000 ಲೀಟರ್ ನೀರು 120 ಮೀಟರ್ ಕೆಳಗೆ ಬಿದ್ದರೆ ಅದರಲ್ಲಿರುವ ಶಕ್ತಿ 1,176 ಕಿಲೊವಾಟ್. ಯಂತ್ರಗಳಲ್ಲಿ ಸ್ವಲ್ಪ ಪೋಲಾಗಿ ಉಳಿದದ್ದು ನಮಗೆ ಸಿಗುತ್ತದೆ. ಆರಂಭದಲ್ಲಿ ಶಿವನಸಮುದ್ರದಲ್ಲಿ ತಲಾ 720 ಕಿಲೊವಾಟಿನ ಆರು ಯಂತ್ರಗಳಿದ್ದವು. ಒಟ್ಟು 4,320 ಕಿಲೊವಾಟ್. ಇಂದಿನ 10 ವಾಟಿನ ಎಲ್‌ಇಡಿ ಬಲ್ಬುಗಳಾದರೆ ಇಷ್ಟರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಬಲ್ಬುಗಳು ಉರಿಯಬಲ್ಲವು!

ಇನ್ನು ದೂರದ ಪ್ರಶ್ನೆ. ವಿದ್ಯುತ್ ಹರಿಯುವಾಗ ತಂತಿ ಬಿಸಿಯಾಗಿ ಸ್ವಲ್ಪ ಶಕ್ತಿ ಪೋಲಾಗುತ್ತದೆ. ಹೆಚ್ಚು ಪ್ರವಾಹ ಹರಿದಷ್ಟೂ ಪೋಲು ಹೆಚ್ಚು. ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಹತ್ತು ಪಟ್ಟು ಹೆಚ್ಚಿಸಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಹತ್ತನೇ ಒಂದು ಪಾಲು ಪ್ರವಾಹ ಸಾಕು. ಆಗ ಅದೇ ತಂತಿಯಲ್ಲಿ ಪೋಲಾಗುವುದು ನೂರನೇ ಒಂದು ಪಾಲು ಮಾತ್ರ. ಆದ್ದರಿಂದ ಶಿವನಸಮುದ್ರದಲ್ಲಿ ಟ್ರಾನ್ಸ್‌ಫಾರ್ಮರುಗಳಿಂದ ವೋಲ್ಟೇಜನ್ನು ಸುಮಾರು 35,000ಕ್ಕೆ ಏರಿಸಿ ಕಳಿಸಿದರು, ಕೋಲಾರದಲ್ಲಿ ಮತ್ತೆ ಇಳಿಸಿಕೊಂಡರು. ನಮ್ಮ ಮನೆಗೆ ಬರುವುದು 230 ವೋಲ್ಟ್ ಎಂಬುದನ್ನು ನೆನೆದರೆ ಇದು ಎಷ್ಟು ಹೆಚ್ಚು ಎಂದು ತಿಳಿಯುತ್ತದೆ. ಆ ಕಾಲದಲ್ಲಿ ಇದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು.

ದೀಪ ನೋಡದೆ ಹೋದವರು

1902ರ ಜೂನ್ ತಿಂಗಳ ಕೊನೆಗೆ ಕಾವೇರಿಯ ಶಕ್ತಿ ಕೋಲಾರದ ಗಣಿಗಳನ್ನು ತಲುಪಿತು. ಯಂತ್ರಗಳು ತಿರುಗಿದವು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಕೆಲವು ವರ್ಷಗಳಲ್ಲಿ ಮೈಸೂರಿಗೂ ಬೆಳಕು ಬಂತು.

ಆದರೆ ಇದಕ್ಕೆಲ್ಲ ಮುಂದಾಳಾಗಿದ್ದವರು ಇದನ್ನು ನೋಡಲಿಲ್ಲ. ಶೇಷಾದ್ರಿ ಅಯ್ಯರ್ ಅವರ ಆರೋಗ್ಯ ಕೆಟ್ಟಿತ್ತು. 1901ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು 56. ಇನ್ನೊಂದು ವರ್ಷ ಬದುಕಿದ್ದರೆ ತಮ್ಮ ನಿರ್ಧಾರ ಸರಿಯೋ ತಪ್ಪೋ ಎಂದು ಕಣ್ಣಾರೆ ಕಾಣುತ್ತಿದ್ದರು.

ಕೆಲಸವನ್ನು ಮುಂದುವರಿಸಿದ ದಿವಾನರು ಯಾರು ಗೊತ್ತೇ? ಯಳಂದೂರಿನ ಮಕ್ಕಳೇ, ಇದು ನಿಮಗೆ ಹೆಮ್ಮೆಯ ಸಂಗತಿ. ಹಿಂದೆ ಪ್ರಸಿದ್ಧ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರನ್ನು ಜಹಗೀರಾಗಿ ಕೊಡಲಾಗಿತ್ತು. ಅವರ ವಂಶದವರೇ ಆದ ಯಳಂದೂರಿನ ಜಹಗೀರ್ದಾರ ಪಿ. ಎನ್. ಕೃಷ್ಣಮೂರ್ತಿ 1901ರಲ್ಲಿ ದಿವಾನರಾದರು. ಶಿವನಸಮುದ್ರದ ವಿದ್ಯುತ್ ಗಣಿಗಳಿಗೆ ಹರಿದದ್ದೂ ಬೆಂಗಳೂರಿನಲ್ಲಿ ದೀಪ ಹತ್ತಿದ್ದೂ ಇವರ ಕಾಲದಲ್ಲಿ. ಹಿಂದಿನವರು ಶುರುಮಾಡಿದ್ದು ಎಂದು ಇವರು ಕೆಲಸವನ್ನು ಮೂಲೆಗೆ ತಳ್ಳಲಿಲ್ಲ. ಒಬ್ಬರು ಬಿತ್ತಿದರು, ಇನ್ನೊಬ್ಬರು ನೀರೆರೆದು ಕಾಪಾಡಿದರು.

ಬೆಳಕು ಯಾರಿಗೆ ಸಿಕ್ಕಿತು?

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ನೀರು ಶಿವನಸಮುದ್ರದ್ದು. ವಿದ್ಯುತ್ ಮೊದಲು ಹೋದದ್ದು ಚಿನ್ನದ ಗಣಿಗೆ. ಆಮೇಲೆ ನಗರಗಳಿಗೆ. ಜಲಪಾತದ ಮೊರೆತ ಕೇಳಿಸುವಷ್ಟು ಹತ್ತಿರದ ಹಳ್ಳಿಗಳಲ್ಲಿ ಹತ್ತಾರು ವರ್ಷ ಸೀಮೆಎಣ್ಣೆಯ ಬುಡ್ಡಿದೀಪವೇ ಉರಿಯಿತು. ಆ ಬೆಳಕಿನಲ್ಲೇ ಮಕ್ಕಳು ಓದಿದರು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ನಿಮ್ಮ ಊರಿಗೆ ಕರೆಂಟು ಬಂದ ದಿನ ಅವರಿಗೆ ನೆನಪಿರಬಹುದು.

ನದಿಯಾಚೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹನೂರಿನ ಕಾಡಿನ ನಡುವಿನ ಊರುಗಳಿಗೆ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೆ ಬೆಳಕು ತಲುಪಿದ್ದು ಇನ್ನೂ ತಡವಾಗಿ. ತಂತಿ ಎಳೆಯುವುದು ಕಷ್ಟವಾದ ಕಾಡಿನೊಳಗೆ ಸೌರದೀಪಗಳು ನೆರವಾದವು. ತಂತ್ರಜ್ಞಾನ ಇದ್ದರೆ ಸಾಲದು. ಅದು ಎಲ್ಲರಿಗೂ ತಲುಪಬೇಕು. ಇಲ್ಲದಿದ್ದರೆ ಅದು ಅರ್ಧ ಅಭಿವೃದ್ಧಿ.

ಬೇಸಗೆಯಲ್ಲೂ ಒಂದು ತೊಂದರೆ ಎದುರಾಯಿತು. ಮಳೆಗಾಲದಲ್ಲಿ ತುಂಬಿ ಹರಿಯುವ ಕಾವೇರಿ ಬೇಸಗೆಯಲ್ಲಿ ಸೊರಗುತ್ತಾಳೆ. ನೀರು ಕಡಿಮೆಯಾದರೆ ವಿದ್ಯುತ್ತೂ ಕಡಿಮೆ. ಇದಕ್ಕೆ ಪರಿಹಾರವಾಗಿ ಮಳೆಗಾಲದ ನೀರನ್ನು ಮೇಲ್ಗಡೆ ಹಿಡಿದಿಟ್ಟು ವರ್ಷವಿಡೀ ಬಿಡಬೇಕಾಯಿತು. 1911ರಲ್ಲಿ ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ ಶುರುವಾಗಲು ಇದೂ ಒಂದು ಮುಖ್ಯ ಕಾರಣ. ಅದನ್ನು ರೂಪಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ನಿಮ್ಮ ಪಾಠದಲ್ಲಿ ಓದಿದ್ದೀರಿ.

ಶೇಷಾದ್ರಿ ಅಯ್ಯರ್ ಅವರ ಎಲ್ಲ ಯೋಜನೆಗಳೂ ಶಿವನಸಮುದ್ರದಂತೆ ಬಾಳಲಿಲ್ಲ. 1890ರ ದಶಕದಲ್ಲಿ ಬೆಂಗಳೂರಿಗೆ ಹೆಸರಘಟ್ಟದ ಕೆರೆಯಿಂದ ಕುಡಿಯುವ ನೀರು ತಂದರು. ಜನರಿಗೆ ಅದು ದೊಡ್ಡ ಉಪಕಾರವಾಯಿತು. ಆದರೆ 1925ರಲ್ಲಿ ಆ ಕೆರೆ ಒಣಗಿತು! ಊರು ಬೆಳೆದಂತೆ ನೀರು ಸಾಲದೆ, ತಿಪ್ಪಗೊಂಡನಹಳ್ಳಿಯಲ್ಲಿ ಹೊಸ ಜಲಾಶಯ ಕಟ್ಟಬೇಕಾಯಿತು. ಇದರಿಂದ ಏನು ತಿಳಿಯುತ್ತದೆ? ಯಂತ್ರ, ಕೊಳವೆ ಎಷ್ಟೇ ಚೆನ್ನಾಗಿದ್ದರೂ ಮಳೆ, ಕಾಡು, ಕೆರೆಯ ಅಂಗಳ ಸರಿಯಾಗಿರದಿದ್ದರೆ ಪ್ರಯೋಜನವಿಲ್ಲ.

ರೇಷ್ಮೆಯ ಎಳೆ, ವಿಜ್ಞಾನದ ಮನೆ

ಕೊಳ್ಳೇಗಾಲವೆಂದರೆ ರೇಷ್ಮೆ. ಮಗ್ಗದ ಸದ್ದು, ಹಿಪ್ಪುನೇರಳೆ ತೋಟ, ಚಂದ್ರಿಕೆಯ ಮೇಲಿನ ಗೂಡು ನಿಮಗೆ ಹೊಸದಲ್ಲ. ಶೇಷಾದ್ರಿ ಅಯ್ಯರ್ ಅವರ ಕಥೆಗೆ ಈ ಎಳೆಯೂ ಸೇರಿಕೊಳ್ಳುತ್ತದೆ. 1896ರ ಸುಮಾರಿಗೆ ಉದ್ಯಮಿ ಜಮ್‌ಷೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟವೊಂದನ್ನು ಆರಂಭಿಸಿದರು. ಜಪಾನಿನ ತಜ್ಞರನ್ನು ಕರೆಸಿ ವೈಜ್ಞಾನಿಕವಾಗಿ ಹುಳು ಸಾಕುವುದನ್ನು ಕಲಿಸಲಾಯಿತು. ಅದಕ್ಕೆ ಮೈಸೂರು ಸರ್ಕಾರ ಜಮೀನು ಕೊಟ್ಟು ನೆರವಾಯಿತು.

ರೇಷ್ಮೆಯಲ್ಲಿ ಸಂಶೋಧನೆ ಏಕೆ ಬೇಕು? ಹುಳುಗಳಿಗೆ ರೋಗ ಬಂದರೆ ಇಡೀ ಬೆಳೆ ಹೋಗುತ್ತದೆ. ರೋಗವಿಲ್ಲದ ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಆರಿಸುವುದು ವಿಜ್ಞಾನ ಕಲಿಸಿದ ವಿದ್ಯೆ. ಮುಂದೆ ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಬಂತು. ಅಲ್ಲಿ ರೂಪಿಸಿದ ವಿ-1 ಎಂಬ ಹಿಪ್ಪುನೇರಳೆ ತಳಿ ಹೆಚ್ಚು ಸೊಪ್ಪು ಕೊಡುತ್ತದೆ. ಅದನ್ನು ನಿಮ್ಮೂರಿನ ತೋಟಗಳಲ್ಲೂ ನೋಡಿರಬಹುದು.

ಇದೇ ಟಾಟಾ ಅವರಿಗೆ ಭಾರತದಲ್ಲಿ ಒಂದು ದೊಡ್ಡ ವಿಜ್ಞಾನ ಸಂಸ್ಥೆಯನ್ನು ಕಟ್ಟುವ ಕನಸಿತ್ತು. ಆ ಕನಸಿಗೆ ಮೈಸೂರು ಸಂಸ್ಥಾನ ಆಸರೆ ಕೊಟ್ಟಿತು. 1907ರಲ್ಲಿ ಬೆಂಗಳೂರಿನಲ್ಲಿ 371 ಎಕರೆ ಜಮೀನು ನೀಡಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಅಷ್ಟು ಹೊತ್ತಿಗೆ ಟಾಟಾ ಅವರೂ ಇರಲಿಲ್ಲ, ಶೇಷಾದ್ರಿ ಅಯ್ಯರ್ ಅವರೂ ಇರಲಿಲ್ಲ.

ಆ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ಒಂದು ವಿಭಾಗ ಆರಂಭವಾಯಿತು. ಅದರ ಹೆಸರು ಅಸ್ತ್ರ. ಪ್ರೊಫೆಸರ್ ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು ಹಳ್ಳಿಯ ಮನೆಗಳಲ್ಲಿ ಎಷ್ಟು ಸೌದೆ ಸುಡುತ್ತಾರೆ, ಅದನ್ನು ತರಲು ಹೆಂಗಸರು ಮಕ್ಕಳು ಎಷ್ಟು ಹೊತ್ತು ನಡೆಯುತ್ತಾರೆ ಎಂದು ಅಳೆದು ನೋಡಿದರು. ಅದರ ಫಲವಾಗಿ ಬಂದದ್ದು ಕಡಿಮೆ ಸೌದೆ ಸಾಕಾಗುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ಅಸ್ತ್ರ ಒಲೆ. ಕಾಡಂಚಿನ ಊರಿನಲ್ಲಿ ಇಂಥ ಒಲೆಯಿದ್ದರೆ ಅಮ್ಮನ ಕಣ್ಣಿಗೂ ಹಿತ, ಕಾಡಿಗೂ ಹಿತ. ಶಿಕ್ಷಣದಿಂದ ಸಂಶೋಧನೆ, ಸಂಶೋಧನೆಯಿಂದ ತಂತ್ರಜ್ಞಾನ, ಅದರಿಂದ ಅಡುಗೆಮನೆಯವರೆಗೆ. ದಾರಿ ಹೀಗೆ ಸಾಗುತ್ತದೆ.

ಚಿನ್ನ ಮುಗಿಯಿತು, ನೀರು ಮುಗಿಯಲಿಲ್ಲ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅಗೆಯುತ್ತಾ ಹೋದಂತೆ ಚಿನ್ನ ಕಡಿಮೆಯಾಯಿತು, ಖರ್ಚು ಹೆಚ್ಚಾಯಿತು. ಆದರೆ ಆ ಗಣಿಗಾಗಿ ಕಟ್ಟಿದ ವಿದ್ಯುದಾಗಾರ 2002ರಲ್ಲಿ ನೂರು ವರ್ಷ ಪೂರೈಸಿತು. ಆ ಹೊತ್ತಿಗಾಗಲೇ ಹೊಸ ಯಂತ್ರಗಳನ್ನು ಕೂರಿಸಿದ್ದರಿಂದ ಅದರ ಸಾಮರ್ಥ್ಯ 42 ಮೆಗಾವಾಟಿಗೆ ಏರಿತ್ತು. ಮೊದಲಿನದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು!

ಇಲ್ಲಿ ಒಂದು ದೊಡ್ಡ ವಿಚಾರ ಅಡಗಿದೆ. ಭೂಮಿಯಲ್ಲಿ ಕೆಲವು ಸಂಪತ್ತುಗಳು ಬಳಸಿದಂತೆ ಮುಗಿಯುತ್ತವೆ. ಚಿನ್ನ, ಕಲ್ಲಿದ್ದಲು, ಪೆಟ್ರೋಲು ಅಂಥವು. ಇನ್ನು ಕೆಲವು ಮತ್ತೆ ಮತ್ತೆ ತುಂಬಿಕೊಳ್ಳುತ್ತವೆ. ಬಿಸಿಲು, ಗಾಳಿ, ಹರಿಯುವ ನೀರು ಅಂಥವು. ನಮ್ಮ ಇಂದಿನ ಅಗತ್ಯವನ್ನೂ ಪೂರೈಸಿಕೊಂಡು, ಮುಂದಿನ ಪೀಳಿಗೆಯ ಪಾಲನ್ನೂ ಉಳಿಸಿ ಬದುಕುವುದಕ್ಕೆ ಸುಸ್ಥಿರ ಅಭಿವೃದ್ಧಿ ಎನ್ನುತ್ತಾರೆ. ಈ ಪದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬಳಕೆಯಲ್ಲಿರಲಿಲ್ಲ. ಆದರೆ ಸೌದೆ, ಕಲ್ಲಿದ್ದಲಿನ ಬದಲು ಹರಿಯುವ ನೀರನ್ನು ಆರಿಸಿಕೊಂಡದ್ದು ಅದೇ ದಾರಿಯ ಹೆಜ್ಜೆ.

ಜಲವಿದ್ಯುತ್ತಿಗೂ ಬೆಲೆ ತೆರಬೇಕು ಎಂಬುದು ನೆನಪಿರಲಿ. ನೀರನ್ನು ನಾಲೆಗೆ ತಿರುಗಿಸಿದಾಗ ಬೇಸಗೆಯಲ್ಲಿ ಜಲಪಾತ ತೆಳ್ಳಗಾಗುತ್ತದೆ. ದೊಡ್ಡ ಅಣೆಕಟ್ಟು ಕಟ್ಟಿದರೆ ಊರು, ಹೊಲ, ಕಾಡು ಮುಳುಗುತ್ತವೆ. ಆದ್ದರಿಂದ ಪ್ರತಿಯೊಂದು ಯೋಜನೆಯಲ್ಲೂ ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಕೇಳಲೇಬೇಕು.

ನೀರು ಮುಗಿಯುವುದಿಲ್ಲ ಎಂದರೂ ಅದಕ್ಕೊಂದು ಷರತ್ತಿದೆ. ಕಾಡು ಉಳಿಯಬೇಕು. ಬಿಳಿಗಿರಿರಂಗನ ಬೆಟ್ಟದ ಕಾಡು ಮಳೆನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಯಳಂದೂರಿನ ಕಡೆ ಹರಿಯುವ ಸುವರ್ಣಾವತಿ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹನೂರಿನ ಕಡೆಯ ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಹುಲಿ, ಆನೆಗಳಿಗಾಗಿ ಕಾಡು ಉಳಿಸಿದರೆ ನಮ್ಮ ತೊರೆಗಳೂ ಉಳಿಯುತ್ತವೆ. ತೊರೆ ಉಳಿದರೆ ನದಿ ಉಳಿಯುತ್ತದೆ.

ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕಿನಲ್ಲಿ ಕೆಂಪು ಬಣ್ಣದ ಒಂದು ಸುಂದರ ಕಟ್ಟಡವನ್ನು ನೋಡಿ. ಅದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಅದರೊಳಗೆ ಇರುವುದು ರಾಜ್ಯ ಕೇಂದ್ರ ಗ್ರಂಥಾಲಯ. ಓದಿನಿಂದ ಮೇಲೆ ಬಂದು, ಓದಿದವರ ಮಾತಿಗೆ ಬೆಲೆ ಕೊಟ್ಟು ನಾಡು ಕಟ್ಟಿದವರಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕ ಬೇಕೇ?

ನೀವೇ ಮಾಡಿ ನೋಡಿ

1. ಒಂದು ದಪ್ಪ ರಟ್ಟು ಅಥವಾ ಹಳೆಯ ಪ್ಲಾಸ್ಟಿಕ್ ಡಬ್ಬಿಯಿಂದ ಆರು ಸಮನಾದ ರೆಕ್ಕೆಗಳನ್ನು ಕತ್ತರಿಸಿ. ಬೆಂಡಿನ ತುಂಡಿಗೆ ಸುತ್ತಲೂ ಸಿಕ್ಕಿಸಿ. ಬೆಂಡಿನ ನಡುವೆ ಸೈಕಲ್ ಕಡ್ಡಿ ತೂರಿಸಿ ಎರಡು ಕಡೆ ಸಡಿಲವಾಗಿ ಹಿಡಿಯಿರಿ. ಚೊಂಬಿನಿಂದ ನೀರು ಸುರಿಯಿರಿ. ಮೊದಲು ಒಂದು ಗೇಣು ಎತ್ತರದಿಂದ, ಆಮೇಲೆ ಮೂರು ಗೇಣು ಎತ್ತರದಿಂದ. ಚಕ್ರ ಯಾವಾಗ ಜೋರಾಗಿ ತಿರುಗಿತು? ಏಕೆ? ಸುರಿದ ನೀರನ್ನು ಚೆಲ್ಲಬೇಡಿ, ಶಾಲೆಯ ಗಿಡಗಳಿಗೆ ಹಾಕಿ.

2. ನಿಮ್ಮ ಮನೆಯ ಅಥವಾ ಶಾಲೆಯ ವಿದ್ಯುತ್ ಮೀಟರನ್ನು ಮುಟ್ಟದೆ, ದೂರದಿಂದಲೇ ನೋಡಿ, ಅದರ ಅಂಕಿಯನ್ನು ದಿನವೂ ಒಂದೇ ಹೊತ್ತಿಗೆ ಏಳು ದಿನ ಬರೆದಿಡಿ. ಯಾವ ದಿನ ಹೆಚ್ಚು ಯೂನಿಟ್ ಖರ್ಚಾಯಿತು? ಕಾರಣ ಹುಡುಕಿ. ಮುಂದಿನ ವಾರ ಎಷ್ಟು ಉಳಿಸಬಹುದು ಎಂದು ಮನೆಯವರೊಡನೆ ಮಾತನಾಡಿ.

3. ನಿಮ್ಮ ಊರಿಗೆ ವಿದ್ಯುತ್ ಬಂದದ್ದು ಯಾವ ವರ್ಷ? ಅದಕ್ಕೆ ಮೊದಲು ಯಾವ ದೀಪ ಬಳಸುತ್ತಿದ್ದರು? ಯಾರ ಮನೆಗೆ ಮೊದಲು ಬಂತು, ಯಾರ ಮನೆಗೆ ಕೊನೆಗೆ ಬಂತು? ಹಿರಿಯರನ್ನು ಕೇಳಿ ಒಂದು ಪುಟ ಬರೆಯಿರಿ. ತರಗತಿಯಲ್ಲಿ ಓದಿ ಹೇಳಿ, ಗೋಡೆಪತ್ರಿಕೆಯಲ್ಲಿ ಹಾಕಿ.